ಗಿಲ್ಲಿಸ್ ಗ್ರಾಫ್‌ಸ್ಟ್ರೋಮ್

ಗಿಲ್ಲಿಸ್ ಎಮ್ಯಾನುಯೆಲ್ ಗ್ರಾಫ್‌ಸ್ಟ್ರೋಮ್ (7 ಜೂನ್ 1893 – 14 ಏಪ್ರಿಲ್ 1938) ಸ್ವೀಡನ್ ದೇಶದ ಫಿಗರ್ ಸ್ಕೇಟಿಂಗ್ ಪಟು ಹಾಗೂ ವೃತ್ತಿಯಲ್ಲಿ ವಾಸ್ತುಶಿಲ್ಪಿ. 1920, 1924 ಮತ್ತು 1928ರ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಪುರುಷರ ವೈಯಕ್ತಿಕ ವಿಭಾಗದ ಚಿನ್ನದ ಪದಕವನ್ನೂ, 1932ರಲ್ಲಿ ಬೆಳ್ಳಿಯ ಪದಕವನ್ನೂ ಗೆದ್ದರು. ಈ ವಿಭಾಗದಲ್ಲಿ ಮೂರು ಒಲಿಂಪಿಕ್ ಚಿನ್ನ ಗಳಿಸಿದ ಪುರುಷ ಇವರೊಬ್ಬರೇ. 1922, 1924 ಮತ್ತು 1929ರಲ್ಲಿ ವಿಶ್ವ ಚಾಂಪಿಯನ್ ಆದರು.

ಇಷ್ಟು ಪದಕಗಳನ್ನು ಗೆದ್ದವರು ವರ್ಷವಿಡೀ ಸ್ಪರ್ಧೆಯಲ್ಲೇ ಮುಳುಗಿದ್ದರೆಂದು ಭಾವಿಸುವುದು ಸಹಜ. ಗ್ರಾಫ್‌ಸ್ಟ್ರೋಮ್ ಅವರ ವಿಷಯದಲ್ಲಿ ಅದು ನಿಜವಲ್ಲ. ಇಡೀ ಜೀವನದಲ್ಲಿ ಅವರು ವಿಶ್ವ ಚಾಂಪಿಯನ್‌ಷಿಪ್‌ಗೆ ಇಳಿದದ್ದು ನಾಲ್ಕೇ ಬಾರಿ. ಒಂದು ಸ್ಪರ್ಧೆಗೂ ಮುಂದಿನದಕ್ಕೂ ನಡುವೆ ಎರಡು, ಐದು, ಒಮ್ಮೆ ಎಂಟು ವರ್ಷಗಳ ಅಂತರವಿತ್ತು. ಪ್ರತಿ ಸಲವೂ ದೀರ್ಘಕಾಲ ಕಣದಿಂದ ದೂರವಿದ್ದು, ಅಷ್ಟರಲ್ಲಿ ಚಾಂಪಿಯನ್ ಎನಿಸಿಕೊಂಡಿದ್ದವರ ಎದುರು ಮರಳಿ ನಿಲ್ಲುತ್ತಿದ್ದರು. ಅವರ ಕ್ರೀಡಾಜೀವನವನ್ನು ಇಂತಹ ಮರಳುವಿಕೆಗಳ ಸರಣಿಯೆಂದೇ ಓದಬೇಕಾಗುತ್ತದೆ.

ಆರಂಭಿಕ ಜೀವನ

ಗ್ರಾಫ್‌ಸ್ಟ್ರೋಮ್ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಜನಿಸಿದರು. ಅವರು ಬೆಳೆದ ಕಾಲದಲ್ಲಿ ಆ ನಗರ ಫಿಗರ್ ಸ್ಕೇಟಿಂಗ್‌ನ ಪ್ರಮುಖ ಕೇಂದ್ರಗಳಲ್ಲಿ ಒಂದಾಗಿತ್ತು. ಸ್ವೀಡನ್ನಿನವರೇ ಆದ ಉಲ್ರಿಕ್ ಸಾಲ್ಕೋ 1901ರಿಂದ 1911ರ ನಡುವೆ, 1906 ಒಂದನ್ನು ಬಿಟ್ಟು, ಹತ್ತು ಬಾರಿ ವಿಶ್ವ ಚಾಂಪಿಯನ್ ಆಗಿದ್ದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರೂ ಅವರೇ. ಇಂದಿಗೂ ಅವರ ಹೆಸರಿನಿಂದಲೇ ಕರೆಯಲಾಗುವ ಒಂದು ಜಿಗಿತವಿದೆ. ಸ್ಟಾಕ್‌ಹೋಮ್‌ನ ಸ್ಕೇಟಿಂಗ್ ಕಲಿಯುವ ಹುಡುಗನ ಕಣ್ಣ ಮುಂದೆ ಇಂತಹ ಮಾದರಿಯೊಂದು ಸದಾ ಇತ್ತು.

ವಾಸ್ತುಶಿಲ್ಪವನ್ನು ವೃತ್ತಿಯಾಗಿ ಆರಿಸಿಕೊಂಡ ಗ್ರಾಫ್‌ಸ್ಟ್ರೋಮ್, ಬರ್ಲಿನ್‌ನ ಷಾರ್ಲೊಟನ್‌ಬರ್ಗ್‌ನಲ್ಲಿದ್ದ ತಾಂತ್ರಿಕ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ಕಟ್ಟಡಗಳ ವಿನ್ಯಾಸದ ಜೊತೆಗೆ ಚಿತ್ರಕಲೆ, ಲೋಹದ ಫಲಕದ ಮೇಲೆ ಕೊರೆದು ಅಚ್ಚು ತೆಗೆಯುವ ಎಚ್ಚಣೆ ಕಲೆ ಮತ್ತು ಕಾವ್ಯರಚನೆಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಅಂದಿನ ನಿಯಮಗಳ ಪ್ರಕಾರ ಅಂತರರಾಷ್ಟ್ರೀಯ ಸ್ಪರ್ಧಿಗಳು ಹವ್ಯಾಸಿಗಳೇ ಆಗಿರಬೇಕಿತ್ತು. ಸ್ಕೇಟಿಂಗ್‌ನಿಂದ ಹಣ ಸಂಪಾದಿಸಿದವರಿಗೆ ಒಲಿಂಪಿಕ್ಸ್‌ನಲ್ಲಿಯೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಅವಕಾಶವಿರಲಿಲ್ಲ. ಆದ್ದರಿಂದ ಜೀವನೋಪಾಯಕ್ಕೆ ಬೇರೊಂದು ವೃತ್ತಿ ಅನಿವಾರ್ಯವಾಗಿತ್ತು. ಆದರೆ ಗ್ರಾಫ್‌ಸ್ಟ್ರೋಮ್ ಅವರಿಗೆ ವಾಸ್ತುಶಿಲ್ಪ ಕೇವಲ ಹೊಟ್ಟೆಪಾಡಿನ ದಾರಿಯಾಗಿದ್ದಂತೆ ತೋರುವುದಿಲ್ಲ. ಅವರ ಬದುಕಿನ ಹೆಚ್ಚಿನ ವರ್ಷಗಳು ಅದಕ್ಕೂ ಕಲೆಗಳಿಗೂ ಸಂದಿವೆ.

1914ರಲ್ಲಿ ಹೆಲ್ಸಿಂಕಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಅವರು ಭಾಗವಹಿಸಿದ ಮೊದಲ ವಿಶ್ವಮಟ್ಟದ ಸ್ಪರ್ಧೆ. ಆಗ ಅವರಿಗೆ 20 ವರ್ಷ. ಅಲ್ಲಿ ಅವರು ಏಳನೆಯ ಸ್ಥಾನ ಪಡೆದರು. ಸ್ವೀಡನ್ನಿನವರೇ ಆದ ಯೋಸ್ಟಾ ಸಾಂಡಾಲ್ ಪ್ರಶಸ್ತಿ ಗೆದ್ದರೆ, ಆಸ್ಟ್ರಿಯದ ಫ್ರಿಟ್ಸ್ ಕಾಖ್ಲರ್ ಮತ್ತು ವಿಲ್ಲಿ ಬ್ಯೋಕ್ಲ್ ಕ್ರಮವಾಗಿ ಎರಡು ಮತ್ತು ಮೂರನೆಯವರಾದರು. ಈ ಇಬ್ಬರು ಆಸ್ಟ್ರಿಯನ್ನರ ಹೆಸರುಗಳು ಗ್ರಾಫ್‌ಸ್ಟ್ರೋಮ್ ಅವರ ಕಥೆಯಲ್ಲಿ ಮತ್ತೆ ಬರುತ್ತವೆ.

ಅದೇ ವರ್ಷದ ಬೇಸಿಗೆಯಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. 1915ರಿಂದ 1921ರವರೆಗೆ ವಿಶ್ವ ಚಾಂಪಿಯನ್‌ಷಿಪ್ ನಡೆಯಲೇ ಇಲ್ಲ. ಬರ್ಲಿನ್‌ನಲ್ಲಿ ನಡೆಯಬೇಕಿದ್ದ 1916ರ ಒಲಿಂಪಿಕ್ಸ್ ಕೂಡ ರದ್ದಾಯಿತು. ಸಾಮಾನ್ಯವಾಗಿ ಸ್ಕೇಟರ್ ಒಬ್ಬರ ಶರೀರ ಅತ್ಯುತ್ತಮ ಸ್ಥಿತಿಯಲ್ಲಿರುವ ಇಪ್ಪತ್ತರಿಂದ ಇಪ್ಪತ್ತಾರರ ಪ್ರಾಯವನ್ನು ಗ್ರಾಫ್‌ಸ್ಟ್ರೋಮ್ ಹೀಗೆ ದೊಡ್ಡ ಸ್ಪರ್ಧೆಗಳಿಲ್ಲದೆಯೇ ಕಳೆದರು. ಈ ಅವಧಿಯಲ್ಲಿ ತಟಸ್ಥವಾಗಿ ಉಳಿದಿದ್ದ ಸ್ವೀಡನ್ನಿನಲ್ಲಿ 1917, 1918 ಮತ್ತು 1919ರ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. ಮೊದಲ ವಿರಾಮ ಅವರ ಆಯ್ಕೆಯದಲ್ಲ. ಮುಂದಿನವುಗಳ ಬಗ್ಗೆ ಹಾಗೆ ಹೇಳಲಾಗದು.

ಅಂದಿನ ಸ್ಪರ್ಧೆಯ ಸ್ವರೂಪ

ಗ್ರಾಫ್‌ಸ್ಟ್ರೋಮ್ ಅವರ ಸಾಧನೆಯನ್ನು ಅರಿಯಲು ಆ ಕಾಲದ ಫಿಗರ್ ಸ್ಕೇಟಿಂಗ್ ಇಂದಿನದಕ್ಕಿಂತ ಎಷ್ಟು ಭಿನ್ನವಾಗಿತ್ತೆಂಬುದನ್ನು ತಿಳಿಯುವುದು ಅಗತ್ಯ. ಸ್ಪರ್ಧೆಯಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ಕಡ್ಡಾಯ ಆಕೃತಿಗಳು, ಎರಡನೆಯದು ಸಂಗೀತದೊಡನೆ ಮಾಡುವ ಮುಕ್ತ ಪ್ರದರ್ಶನ. ಒಟ್ಟು ಅಂಕಗಳಲ್ಲಿ ಶೇಕಡಾ 60ರಷ್ಟು ಕಡ್ಡಾಯ ಆಕೃತಿಗಳಿಗೇ ಮೀಸಲಾಗಿತ್ತು.

ಕಡ್ಡಾಯ ಆಕೃತಿಯೆಂದರೆ, ಒಂದೇ ಕಾಲಿನ ಮೇಲೆ ಜಾರುತ್ತ, ಸ್ಕೇಟಿನ ಅಲಗಿನಿಂದ ಮಂಜುಗಡ್ಡೆಯ ಮೇಲೆ ವೃತ್ತಗಳನ್ನೂ ಎಂಟರ ಆಕಾರವನ್ನೂ ಅದರ ನಾನಾ ಬಗೆಯ ತಿರುವುಗಳನ್ನೂ ಕೊರೆಯುವುದು. ಒಮ್ಮೆ ಕೊರೆದ ಗೆರೆಯ ಮೇಲೆಯೇ ಮತ್ತೆ ಮತ್ತೆ ಸಾಗಬೇಕು. ನುರಿತ ಕೈ ರಂಗೋಲಿಯ ಎಳೆಯೊಂದರ ಮೇಲೆ ಇನ್ನೊಂದು ಎಳೆಯನ್ನು ಎಷ್ಟು ಕೂದಲೆಳೆಯಷ್ಟೂ ಸರಿಯದಂತೆ ಕೂರಿಸುತ್ತದೆಯೋ, ಅಷ್ಟೇ ನಿಖರತೆಯನ್ನು ಇಲ್ಲಿ ಇಡೀ ದೇಹದ ಭಾರವನ್ನು ಹೊತ್ತ ಒಂದು ಪಾದ ತೋರಬೇಕಿತ್ತು. ಸ್ಪರ್ಧಿ ಪಕ್ಕಕ್ಕೆ ಸರಿದ ಬಳಿಕ ತೀರ್ಪುಗಾರರು ಬಾಗಿ ಗೆರೆಗಳನ್ನು ಪರೀಕ್ಷಿಸುತ್ತಿದ್ದರು.

ಸ್ಕೇಟಿನ ಅಲಗಿಗೆ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳಿರುತ್ತವೆ. ಯಾವ ಅಂಚಿನ ಮೇಲೆ ಎಷ್ಟು ವಾಲಬೇಕು, ಯಾವ ಕ್ಷಣದಲ್ಲಿ ಅಂಚು ಬದಲಿಸಬೇಕು ಎಂಬ ಅರಿವೇ ಕಡ್ಡಾಯ ಆಕೃತಿಗಳ ಜೀವಾಳ. ಈ ಅರಿವನ್ನು ಬಲದಿಂದ ಸಾಧಿಸಲಾಗದು, ದೀರ್ಘ ಅಭ್ಯಾಸದಿಂದ ಸಾಧಿಸಬೇಕು. ಒಮ್ಮೆ ಮೈಗೂಡಿದರೆ ವಯಸ್ಸಾದರೂ ಬೇಗ ಕೈಬಿಡದು. ಬಹುಕಾಲದ ವಿರಾಮದ ನಂತರವೂ ಗ್ರಾಫ್‌ಸ್ಟ್ರೋಮ್ ಗೆಲ್ಲಲು ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು. ಇಂದಿನಂತೆ ಜಿಗಿತಗಳ ಸುತ್ತುಗಳನ್ನು ಎಣಿಸುವ ಸ್ಪರ್ಧೆಯಾಗಿದ್ದರೆ ಮೂವತ್ತನ್ನು ದಾಟಿದವರು ಅಷ್ಟು ಸುಲಭವಾಗಿ ಮರಳಿ ಬರಲಾಗುತ್ತಿರಲಿಲ್ಲ.

ಫಲಿತಾಂಶದ ಲೆಕ್ಕವೂ ಬೇರೆಯಾಗಿತ್ತು. ಪ್ರತಿಯೊಬ್ಬ ತೀರ್ಪುಗಾರನ ಅಂಕಗಳಿಂದ ಸ್ಪರ್ಧಿಗಳಿಗೆ ಮೊದಲನೆಯ, ಎರಡನೆಯ, ಮೂರನೆಯ ಎಂದು ಸ್ಥಾನಗಳು ದೊರೆಯುತ್ತಿದ್ದವು. ಈ ಸ್ಥಾನಾಂಕಗಳ ಮೊತ್ತ ಕಡಿಮೆಯಿದ್ದಷ್ಟೂ ಒಳ್ಳೆಯದು. ಏಳು ಮಂದಿ ತೀರ್ಪುಗಾರರೂ ಒಬ್ಬರನ್ನೇ ಮೊದಲನೆಯವರೆಂದು ಪರಿಗಣಿಸಿದರೆ ಅವರ ಮೊತ್ತ 7 ಆಗುತ್ತದೆ. ಮುಂದೆ ಬರುವ ಸಂಖ್ಯೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಆಂಟ್ವರ್ಪ್, 1920

ಚಳಿಗಾಲದ ಒಲಿಂಪಿಕ್ಸ್ ಎಂಬುದು ಆಗಿನ್ನೂ ಹುಟ್ಟಿರಲಿಲ್ಲ. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ನಡೆದ 1920ರ ಬೇಸಿಗೆ ಒಲಿಂಪಿಕ್ಸ್‌ನ ಅಂಗವಾಗಿಯೇ ಏಪ್ರಿಲ್ ತಿಂಗಳಲ್ಲಿ ಫಿಗರ್ ಸ್ಕೇಟಿಂಗ್ ಮತ್ತು ಐಸ್ ಹಾಕಿ ಸ್ಪರ್ಧೆಗಳನ್ನು ನಗರದ ಐಸ್ ಅರಮನೆಯಲ್ಲಿ ಏರ್ಪಡಿಸಲಾಯಿತು. ಗ್ರಾಫ್‌ಸ್ಟ್ರೋಮ್ ವಿಶ್ವಮಟ್ಟದ ಸ್ಪರ್ಧೆಗೆ ಇಳಿದು ಆರು ವರ್ಷಗಳಾಗಿದ್ದವು.

ಸ್ಪರ್ಧೆಯ ವೇಳೆ ಅವರ ಸ್ಕೇಟ್ ಮುರಿದುಹೋಯಿತೆಂದೂ, ಅವರು ಊರೊಳಗೆ ಹೋಗಿ ಮತ್ತೊಂದನ್ನು ಕೊಂಡುತರಬೇಕಾಯಿತೆಂದೂ, ದೊರೆತದ್ದು ಮುಂತುದಿ ಸುರುಳಿ ಸುತ್ತಿದ ಹಳೆಯ ಕಾಲದ ಸ್ಕೇಟ್ ಎಂದೂ ಹೇಳಲಾಗುತ್ತದೆ. ಪ್ರತಿಯೊಬ್ಬ ಸ್ಕೇಟರ್‌ನ ಪಾದ ತನ್ನದೇ ಅಲಗಿನ ಬಾಗು, ಹರಿತಗಳಿಗೆ ಒಗ್ಗಿಕೊಂಡಿರುವುದರಿಂದ, ಪರಿಚಯವಿಲ್ಲದ ಅಲಗಿನ ಮೇಲೆ ಗೆರೆ ತಪ್ಪದೆ ಸಾಗುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಆದರೂ ಏಳೂ ತೀರ್ಪುಗಾರರು ಗ್ರಾಫ್‌ಸ್ಟ್ರೋಮ್ ಅವರಿಗೇ ಮೊದಲ ಸ್ಥಾನ ನೀಡಿದರು. ನಾರ್ವೆಯ ಆಂಡ್ರಿಯಾಸ್ ಕ್ರೋಗ್ ಮತ್ತು ಮಾರ್ಟಿನ್ ಸ್ಟಿಕ್ಸ್‌ರುಡ್ ಬೆಳ್ಳಿ ಹಾಗೂ ಕಂಚು ಪಡೆದರು. 42 ವರ್ಷ ವಯಸ್ಸಿನ ಸಾಲ್ಕೋ ಅವರೂ ಅಲ್ಲಿ ಕಣಕ್ಕಿಳಿದಿದ್ದರು. ಹತ್ತು ಬಾರಿಯ ಆ ವಿಶ್ವ ಚಾಂಪಿಯನ್ ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಮಹಿಳೆಯರ ಚಿನ್ನವನ್ನು ಸ್ವೀಡನ್ನಿನವರೇ ಆದ ಮಾಗ್ದಾ ಯೂಲಿನ್ ಗೆದ್ದರು.

ಈ ಗೆಲುವಿಗೆ ಒಂದು ಕೊರತೆಯಿತ್ತು. ಯುದ್ಧದಲ್ಲಿ ಸೋತ ದೇಶಗಳಿಗೆ ಆಂಟ್ವರ್ಪ್ ಕ್ರೀಡಾಕೂಟಕ್ಕೆ ಆಹ್ವಾನವಿರಲಿಲ್ಲ. ಆಸ್ಟ್ರಿಯ ಅವುಗಳಲ್ಲೊಂದು. 1914ರಲ್ಲಿ ಗ್ರಾಫ್‌ಸ್ಟ್ರೋಮ್ ಅವರಿಗಿಂತ ಬಹಳ ಮುಂದಿದ್ದ ಕಾಖ್ಲರ್ ಮತ್ತು ಬ್ಯೋಕ್ಲ್ ಇಬ್ಬರೂ ಇಲ್ಲದ ಸ್ಪರ್ಧೆಯದು. ಒಲಿಂಪಿಕ್ ಚಾಂಪಿಯನ್ ನಿಜವಾಗಿಯೂ ಜಗತ್ತಿನ ಅತ್ಯುತ್ತಮ ಸ್ಕೇಟರ್ ಹೌದೇ ಎಂಬ ಪ್ರಶ್ನೆಗೆ ಆಂಟ್ವರ್ಪ್‌ನಲ್ಲಿ ಪೂರ್ಣ ಉತ್ತರ ಸಿಗಲಿಲ್ಲ.

ಸ್ಟಾಕ್‌ಹೋಮ್‌ನಿಂದ ಶಾಮೊನಿಗೆ

ಉತ್ತರ ದೊರೆತದ್ದು 1922ರಲ್ಲಿ, ಗ್ರಾಫ್‌ಸ್ಟ್ರೋಮ್ ಅವರ ಹುಟ್ಟೂರಿನಲ್ಲಿ. ಯುದ್ಧಾನಂತರದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನ ಪುರುಷರ ವಿಭಾಗ ಸ್ಟಾಕ್‌ಹೋಮ್‌ನಲ್ಲಿ ಜರುಗಿತು. ಎಂಟು ವರ್ಷಗಳ ಹಿಂದಿನ ಸ್ಪರ್ಧಿಗಳು ಮತ್ತೆ ಎದುರಾದರು. ಈ ಬಾರಿ ಗ್ರಾಫ್‌ಸ್ಟ್ರೋಮ್ ಮೊದಲನೆಯವರಾಗಿ, ಕಾಖ್ಲರ್ ಎರಡನೆಯ ಮತ್ತು ಬ್ಯೋಕ್ಲ್ ಮೂರನೆಯ ಸ್ಥಾನದಲ್ಲಿ ಉಳಿದರು. ಏಳನೆಯ ಸ್ಥಾನದಿಂದ ಮೊದಲನೆಯದಕ್ಕೆ ಅವರು ಏರಿದ ಹಾದಿಯಲ್ಲಿ ಒಂದೂ ವಿಶ್ವ ಚಾಂಪಿಯನ್‌ಷಿಪ್ ಇರಲಿಲ್ಲವೆಂಬುದು ಗಮನಾರ್ಹ.

ಬೇರೆ ಯಾರೇ ಆಗಿದ್ದರೂ ಮರುವರ್ಷ ಪ್ರಶಸ್ತಿಯನ್ನು ಉಳಿಸಿಕೊಳ್ಳಲು ಹೋಗುತ್ತಿದ್ದರು. 1923ರಲ್ಲಿ ವಿಯೆನ್ನಾದಲ್ಲಿ ನಡೆದ ಚಾಂಪಿಯನ್‌ಷಿಪ್‌ಗೆ ಗ್ರಾಫ್‌ಸ್ಟ್ರೋಮ್ ಹೋಗಲಿಲ್ಲ. ಕಾಖ್ಲರ್ ತಮ್ಮ ತವರಿನಲ್ಲಿ ಗೆದ್ದರು. ಸೋಲಿನಿಂದ ಪ್ರಶಸ್ತಿ ಕಳೆದುಕೊಳ್ಳುವುದು ಒಂದು ಬಗೆ. ಅದನ್ನು ಸುಮ್ಮನೆ ಬಿಟ್ಟುಕೊಡುವುದು ಇನ್ನೊಂದು ಬಗೆ. ಗ್ರಾಫ್‌ಸ್ಟ್ರೋಮ್ ತಮ್ಮ ವಿಶ್ವ ಪ್ರಶಸ್ತಿಗಳನ್ನೆಲ್ಲ ಈ ಎರಡನೆಯ ರೀತಿಯಲ್ಲಿಯೇ ಕಳೆದುಕೊಂಡರು.

1924ರ ಜನವರಿ ಕೊನೆಯಲ್ಲಿ ಫ್ರಾನ್ಸ್‌ನ ಆಲ್ಪ್ಸ್ ತಪ್ಪಲಿನ ಶಾಮೊನಿಯಲ್ಲಿ ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾ ಸಪ್ತಾಹ ಆರಂಭವಾಯಿತು. ಅದನ್ನು ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂದು ಮಾನ್ಯ ಮಾಡಿದ್ದು ನಂತರದ ದಿನಗಳಲ್ಲಿ. ಇಲ್ಲಿ ಆಸ್ಟ್ರಿಯಕ್ಕೆ ಆಹ್ವಾನವಿತ್ತು, ಬ್ಯೋಕ್ಲ್ ಬಂದಿದ್ದರು. ಗ್ರಾಫ್‌ಸ್ಟ್ರೋಮ್ ಅವರ ಸ್ಥಾನಾಂಕಗಳ ಮೊತ್ತ 10, ಬ್ಯೋಕ್ಲ್ ಅವರದು 13. ಮೂರನೆಯವರಾದ ಸ್ವಿಟ್ಜರ್‌ಲೆಂಡಿನ ಜಾರ್ಜ್ ಗೌಟ್ಶಿ 23ರೊಂದಿಗೆ ಬಹಳ ಹಿಂದೆ ಉಳಿದರು. ಎರಡು ಒಲಿಂಪಿಕ್ ಚಿನ್ನ ಗ್ರಾಫ್‌ಸ್ಟ್ರೋಮ್ ಅವರದಾದವು. ಒಂದು ಬೇಸಿಗೆ ಒಲಿಂಪಿಕ್ಸ್‌ನಲ್ಲಿ, ಮತ್ತೊಂದು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಎರಡೂ ಒಂದೇ ಕ್ರೀಡೆಯಲ್ಲಿ! ಕ್ರೀಡಾಕೂಟಗಳ ಇತಿಹಾಸದ ಒಂದು ತಿರುವಿನಲ್ಲಿ ನಿಂತವರಿಗಷ್ಟೇ ಒದಗುವ ದಾಖಲೆಯಿದು.

ಅದೇ ವರ್ಷ ಮ್ಯಾಂಚೆಸ್ಟರ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಗ್ರಾಫ್‌ಸ್ಟ್ರೋಮ್ ಗೆದ್ದರು. ಬ್ಯೋಕ್ಲ್ ಮತ್ತೆ ಎರಡನೆಯವರು.

ಪಾಟ್ಸ್‌ಡಾಮ್ ವರ್ಷಗಳು

1925ರ ಹೊತ್ತಿಗೆ ಗ್ರಾಫ್‌ಸ್ಟ್ರೋಮ್ ಜರ್ಮನಿಯಲ್ಲಿ, ಬರ್ಲಿನ್ ಸಮೀಪದ ಪಾಟ್ಸ್‌ಡಾಮ್‌ನಲ್ಲಿ ನೆಲೆಸಿ ವಾಸ್ತುಶಿಲ್ಪಿಯಾಗಿ ಕೆಲಸ ಮಾಡುತ್ತಿದ್ದರು. ಅವರ ಪತ್ನಿ ಸೆಸಿಲ್ ಮೆಂಡೆಲ್ಸನ್ ಬಾರ್ತೋಲ್ಡಿ, ಹೆಸರಾಂತ ಸಂಗೀತ ಸಂಯೋಜಕ ಫೆಲಿಕ್ಸ್ ಮೆಂಡೆಲ್ಸನ್ ಅವರ ಮರಿಮೊಮ್ಮಗಳು. ಸಂಗೀತದ ಭಾವವನ್ನು ಸ್ಕೇಟಿಂಗ್‌ಗೆ ತಂದವರೆಂದು ಹೆಸರಾದವರು ಇಂತಹ ಮನೆತನದ ಅಳಿಯನಾದದ್ದು ಕಾಕತಾಳೀಯವಾದರೂ ಹೊಂದುವಂತಿದೆ. ಸ್ಕೇಟಿಂಗ್ ಕುರಿತ ಹಳೆಯ ಚಿತ್ರಗಳು ಮತ್ತು ಕಲಾವಸ್ತುಗಳನ್ನು ಸಂಗ್ರಹಿಸುವುದು ಅವರ ದೊಡ್ಡ ಹವ್ಯಾಸವಾಗಿತ್ತು.

ಮುಂದಿನ ನಾಲ್ಕು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಗ್ರಾಫ್‌ಸ್ಟ್ರೋಮ್ ಅವರ ಹೆಸರಿಲ್ಲ. 1925ರಲ್ಲಿ ವಿಯೆನ್ನಾ, 1926ರಲ್ಲಿ ಬರ್ಲಿನ್, 1927ರಲ್ಲಿ ದಾವೋಸ್, 1928ರಲ್ಲಿ ಮತ್ತೆ ಬರ್ಲಿನ್: ನಾಲ್ಕನ್ನೂ ವಿಲ್ಲಿ ಬ್ಯೋಕ್ಲ್ ಗೆದ್ದರು. ಎರಡು ಸಲ ಚಾಂಪಿಯನ್‌ಷಿಪ್ ಗ್ರಾಫ್‌ಸ್ಟ್ರೋಮ್ ಅವರ ಮನೆಯ ಬಾಗಿಲಿಗೇ ಬಂದಿತ್ತು ಎನ್ನಬೇಕು. ಪಾಟ್ಸ್‌ಡಾಮ್‌ನಿಂದ ಬರ್ಲಿನ್ ಅಷ್ಟು ಹತ್ತಿರ. ಆದರೂ ಅವರು ಸ್ಪರ್ಧಿಸಲಿಲ್ಲ.

ಬ್ಯೋಕ್ಲ್ ಅವರ ಕಡೆಯಿಂದ ನೋಡಿದರೆ ಈ ಗೈರುಹಾಜರಿ ಬೇರೆಯೇ ಅರ್ಥ ಪಡೆಯುತ್ತದೆ. ಇಬ್ಬರೂ ಹುಟ್ಟಿದ್ದು 1893ರಲ್ಲಿಯೇ. ಬ್ಯೋಕ್ಲ್ ವರ್ಷ ತಪ್ಪದೆ ಕಣಕ್ಕಿಳಿದರು, ದುಡಿದರು, ಗೆದ್ದರು. ನಾಲ್ಕು ವಿಶ್ವ ಪ್ರಶಸ್ತಿಗಳು ಸಣ್ಣ ಮಾತಲ್ಲ. ಸಂಖ್ಯೆಯಲ್ಲಿ ಅವು ಗ್ರಾಫ್‌ಸ್ಟ್ರೋಮ್ ಅವರ ಮೂರಕ್ಕಿಂತ ಹೆಚ್ಚು. ಆದರೆ ಆ ನಾಲ್ಕೂ ಗೆಲುವುಗಳ ಹಿಂದೆ, ಸ್ಪರ್ಧೆಗೆ ಬಾರದ ಒಬ್ಬನ ನೆರಳು ಇದ್ದೇ ಇತ್ತು. ಅದನ್ನು ಕಳೆದುಕೊಳ್ಳಲು ಬ್ಯೋಕ್ಲ್ ಅವರಿಗಿದ್ದ ಅವಕಾಶ 1928ರ ಚಳಿಗಾಲದ ಒಲಿಂಪಿಕ್ಸ್.

ಸೇಂಟ್ ಮೋರಿಟ್ಸ್, 1928

ಸ್ವಿಟ್ಜರ್‌ಲೆಂಡಿನ ಸೇಂಟ್ ಮೋರಿಟ್ಸ್‌ನಲ್ಲಿ 1928ರ ಫೆಬ್ರವರಿಯಲ್ಲಿ ಎರಡನೆಯ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. 34 ವರ್ಷದ ಗ್ರಾಫ್‌ಸ್ಟ್ರೋಮ್ ಅಲ್ಲಿಗೆ ಬಂದಾಗ, ವಿಶ್ವ ಮಟ್ಟದ ಸ್ಪರ್ಧೆಯಲ್ಲಿ ಅವರು ಕಾಣಿಸಿಕೊಂಡು ನಾಲ್ಕು ವರ್ಷಗಳಾಗಿದ್ದವು. ಜೊತೆಗೆ ಅವರ ಮೊಣಕಾಲು ತೀವ್ರವಾಗಿ ಊದಿಕೊಂಡಿತ್ತು. ಒಂದೇ ಕಾಲಿನ ಮೇಲೆ ದೇಹವನ್ನು ವಾಲಿಸಿ, ಮೊಣಕಾಲನ್ನು ಬಾಗಿಸಿ ಏಳಿಸುವ ಚಲನೆಯಿಂದಲೇ ವೇಗವನ್ನೂ ದಿಕ್ಕನ್ನೂ ಪಡೆಯುವ ಕ್ರೀಡೆಯಲ್ಲಿ ಇದಕ್ಕಿಂತ ಕೆಟ್ಟ ಗಾಯ ಮತ್ತೊಂದಿಲ್ಲ.

ಹವಾಮಾನವೂ ಸಹಕರಿಸಲಿಲ್ಲ. ಆಲ್ಪ್ಸ್ ಪರ್ವತಗಳಿಂದ ಇಳಿದು ಬೀಸುವ ಫೋನ್ ಎಂಬ ಬಿಸಿಗಾಳಿ ಆ ಕ್ರೀಡಾಕೂಟದ ನಡುವೆ ಮಂಜುಗಡ್ಡೆಯನ್ನು ಕರಗಿಸಿತು. ವೇಗ ಸ್ಕೇಟಿಂಗ್‌ನ 10,000 ಮೀಟರ್ ಸ್ಪರ್ಧೆಯನ್ನು ಇದೇ ಕಾರಣಕ್ಕೆ ಅರ್ಧದಲ್ಲಿಯೇ ಕೈಬಿಡಲಾಯಿತು. ಅಲ್ಲಿನ ಎಲ್ಲ ಸ್ಕೇಟಿಂಗ್ ಸ್ಪರ್ಧೆಗಳೂ ಬಯಲಿನಲ್ಲಿಯೇ ನಡೆದವು.

ಫಲಿತಾಂಶ ಹೊರಬಿದ್ದಾಗ ಗ್ರಾಫ್‌ಸ್ಟ್ರೋಮ್ ಅವರ ಮೊತ್ತ 12, ಬ್ಯೋಕ್ಲ್ ಅವರದು 13. ಮೂರನೆಯವರಾದ ಬೆಲ್ಜಿಯಂನ ರಾಬರ್ಟ್ ವಾನ್ ಝೀಬ್ರೂಕ್ ಅವರ ಮೊತ್ತ 27. ಒಂದೇ ಒಂದು ಸ್ಥಾನಾಂಕದ ಅಂತರದಲ್ಲಿ ಮೂರನೆಯ ಚಿನ್ನ ನಿರ್ಣಯವಾಯಿತು. ಆಂಟ್ವರ್ಪ್‌ನ 7, ಶಾಮೊನಿಯ 10, ಸೇಂಟ್ ಮೋರಿಟ್ಸ್‌ನ 12 ಎಂಬ ಸಂಖ್ಯೆಗಳನ್ನು ಸಾಲಾಗಿ ಇಟ್ಟುನೋಡಿದರೆ ಗ್ರಾಫ್‌ಸ್ಟ್ರೋಮ್ ಅವರ ಹಿಡಿತ ಸ್ವಲ್ಪಸ್ವಲ್ಪವಾಗಿ ಸಡಿಲವಾಗುತ್ತಿದ್ದುದು ಕಾಣುತ್ತದೆ. ಹಿಂದಿನ ಗೆಲುವುಗಳ ಹೆಸರಿನಿಂದ ದೊರೆತ ಚಿನ್ನ ಇದಲ್ಲವೆಂಬುದನ್ನು ಹೇಳಲು ಬೇರೆ ಸಾಕ್ಷಿ ಬೇಕಿಲ್ಲ. ಎರಡೂ ಮೊತ್ತಗಳು ಅಷ್ಟು ಸಮೀಪವಿದ್ದವು.

ಬ್ಯೋಕ್ಲ್ ಎರಡನೆಯ ಬಾರಿಯೂ ಒಲಿಂಪಿಕ್ ಬೆಳ್ಳಿಯೊಂದಿಗೆ ಮರಳಿದರು. ಅದೇ ತಿಂಗಳು ಬರ್ಲಿನ್‌ನಲ್ಲಿ ತಮ್ಮ ನಾಲ್ಕನೆಯ ವಿಶ್ವ ಪ್ರಶಸ್ತಿಯನ್ನು ಗೆದ್ದು ಸ್ಪರ್ಧೆಗಳಿಂದ ನಿವೃತ್ತರಾದರು. ಆ ಬಳಿಕ ಅಮೆರಿಕಕ್ಕೆ ತೆರಳಿದರು.

ಲಂಡನ್, 1929

ಬ್ಯೋಕ್ಲ್ ಅವರ ನಿವೃತ್ತಿಯ ನಂತರದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನ ಪುರುಷರ ವಿಭಾಗ 1929ರಲ್ಲಿ ಲಂಡನ್‌ನಲ್ಲಿ ನಡೆಯಿತು. ಐದು ವರ್ಷಗಳ ನಂತರ ಗ್ರಾಫ್‌ಸ್ಟ್ರೋಮ್ ಈ ಪ್ರಶಸ್ತಿಗಾಗಿ ಮತ್ತೆ ಕಣಕ್ಕಿಳಿದರು. ಎದುರಿಗಿದ್ದದ್ದು ಹೊಸ ತಲೆಮಾರು. ಆಸ್ಟ್ರಿಯದ ಕಾರ್ಲ್ ಶೇಫರ್ ಅವರಿಗೆ ಆಗ 19 ವರ್ಷ. ಅವರು ಫಿಗರ್ ಸ್ಕೇಟಿಂಗ್ ಅಲ್ಲದೆ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ ಈಜಿನಲ್ಲಿಯೂ ಆಸ್ಟ್ರಿಯವನ್ನು ಪ್ರತಿನಿಧಿಸಿದ್ದರು. ಗ್ರಾಫ್‌ಸ್ಟ್ರೋಮ್ ಅವರಿಗೆ 35. ಗೆದ್ದವರು ಗ್ರಾಫ್‌ಸ್ಟ್ರೋಮ್, ಶೇಫರ್ ಎರಡನೆಯವರು, ಆಸ್ಟ್ರಿಯದವರೇ ಆದ ಲುಡ್ವಿಗ್ ವ್ರೇಡೆ ಮೂರನೆಯವರು.

1914ರ ಮೊದಲ ಪ್ರಯತ್ನವನ್ನು ಬಿಟ್ಟರೆ, ಗ್ರಾಫ್‌ಸ್ಟ್ರೋಮ್ ಭಾಗವಹಿಸಿದ ಯಾವ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಸೋಲಲಿಲ್ಲ. 1930ರಿಂದ 1936ರವರೆಗಿನ ಏಳೂ ವಿಶ್ವ ಪ್ರಶಸ್ತಿಗಳು ಶೇಫರ್ ಅವರ ಪಾಲಾದವು.

ಲೇಕ್ ಪ್ಲಾಸಿಡ್, 1932

ಕೊನೆಯ ಮರಳುವಿಕೆ ಅಟ್ಲಾಂಟಿಕ್ ಸಾಗರದ ಆಚೆಗೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಸಣ್ಣ ಊರಿನಲ್ಲಿ 1932ರ ಫೆಬ್ರವರಿಯಲ್ಲಿ ಮೂರನೆಯ ಚಳಿಗಾಲದ ಒಲಿಂಪಿಕ್ಸ್ ಏರ್ಪಟ್ಟಿತು. ಜಗತ್ತನ್ನು ಆರ್ಥಿಕ ಮಹಾಕುಸಿತ ಆವರಿಸಿದ್ದ ಕಾಲವದು. ದೂರದ ಪ್ರಯಾಣದ ವೆಚ್ಚ ಭರಿಸಲಾಗದೆ ಯೂರೋಪಿನ ಅನೇಕರು ಬರಲಿಲ್ಲ. 38 ವರ್ಷದ ಗ್ರಾಫ್‌ಸ್ಟ್ರೋಮ್ ಬಂದರು. ನಾಲ್ಕನೆಯ ಚಿನ್ನದ ನಿರೀಕ್ಷೆ ಅವರ ಮೇಲಿತ್ತು. ಚಳಿಗಾಲದ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್ ಮೊದಲ ಬಾರಿಗೆ ಒಳಾಂಗಣದಲ್ಲಿ ನಡೆದದ್ದು ಇಲ್ಲಿಯೇ. ಸೇಂಟ್ ಮೋರಿಟ್ಸ್‌ನ ಬಿಸಿಗಾಳಿಯಂತಹ ಅಡಚಣೆಗೆ ಇಲ್ಲಿ ಅವಕಾಶವಿರಲಿಲ್ಲ.

ಅಡಚಣೆ ಬಂದದ್ದು ಬೇರೆ ದಿಕ್ಕಿನಿಂದ. ಸ್ಪರ್ಧೆಯ ವೇಳೆ ಮಂಜುಗಡ್ಡೆಯ ಅಂಗಳದಲ್ಲಿದ್ದ ಛಾಯಾಗ್ರಾಹಕನೊಬ್ಬನಿಗೆ ಗ್ರಾಫ್‌ಸ್ಟ್ರೋಮ್ ಡಿಕ್ಕಿ ಹೊಡೆದರು. ತಲೆಗೆ ಪೆಟ್ಟಾಯಿತು, ಮಿದುಳಿಗೆ ಸಣ್ಣ ಪ್ರಮಾಣದ ಆಘಾತವಾಯಿತು. ಇಂದಿನ ನಿಯಮಗಳಾಗಿದ್ದರೆ ವೈದ್ಯರು ಅಲ್ಲಿಗೇ ತಡೆಯುತ್ತಿದ್ದರೋ ಏನೋ. ಗ್ರಾಫ್‌ಸ್ಟ್ರೋಮ್ ಸ್ಪರ್ಧೆಯನ್ನು ಪೂರ್ಣಗೊಳಿಸಿದರು. ಶೇಫರ್ ಅವರ ಮೊತ್ತ 9, ಗ್ರಾಫ್‌ಸ್ಟ್ರೋಮ್ ಅವರದು 13, ಕೆನಡಾದ ಮಾಂಟ್ಗೊಮೆರಿ ವಿಲ್ಸನ್ ಅವರದು 24. ಶಾಮೊನಿಯಲ್ಲಿಯೂ ಸೇಂಟ್ ಮೋರಿಟ್ಸ್‌ನಲ್ಲಿಯೂ ಬ್ಯೋಕ್ಲ್ ಅವರಿಗೆ ಬೆಳ್ಳಿ ತಂದುಕೊಟ್ಟ ಅದೇ 13, ಈ ಬಾರಿ ಗ್ರಾಫ್‌ಸ್ಟ್ರೋಮ್ ಅವರ ಪಾಲಿಗೆ ಬಂದಿತ್ತು.

ಡಿಕ್ಕಿಯಾಗದಿದ್ದರೆ ಅವರೇ ಗೆಲ್ಲುತ್ತಿದ್ದರೆಂದು ವಾದಿಸುವವರಿದ್ದಾರೆ. ಅಂತಹ ವಾದಕ್ಕೆ ಆಧಾರ ಕಡಿಮೆ. ಶೇಫರ್ ಆ ವೇಳೆಗೆ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದರು, ಪ್ರಾಯದಲ್ಲಿ ಹದಿನಾರು ವರ್ಷ ಕಿರಿಯರು. ಅಂತರವೂ ಸೇಂಟ್ ಮೋರಿಟ್ಸ್‌ನಂತೆ ಒಂದೇ ಅಂಕದ್ದಾಗಿರಲಿಲ್ಲ. ಶೇಫರ್ 1936ರಲ್ಲಿಯೂ ಒಲಿಂಪಿಕ್ ಚಿನ್ನ ಗೆದ್ದರು. ಗ್ರಾಫ್‌ಸ್ಟ್ರೋಮ್ ಮತ್ತೆ ಒಲಿಂಪಿಕ್ಸ್‌ಗೆ ಇಳಿಯಲಿಲ್ಲ.

ಶೈಲಿ ಮತ್ತು ಕೊಡುಗೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಸ್ಕೇಟರ್ ಜಾಕ್ಸನ್ ಹೇನ್ಸ್ ಬ್ಯಾಲೆ ನೃತ್ಯದ ಚಲನೆಗಳನ್ನು ಮಂಜುಗಡ್ಡೆಗೆ ತಂದಿದ್ದರು. ಆ ಪರಂಪರೆ ವಿಯೆನ್ನಾದಲ್ಲಿ ಬೇರೂರಿ ಯೂರೋಪಿನ ಇತರೆಡೆಗೂ ಹರಡಿತು. ಗ್ರಾಫ್‌ಸ್ಟ್ರೋಮ್ ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದವರು. ಕಡ್ಡಾಯ ಆಕೃತಿಗಳಲ್ಲಿ ಅವರು ತೋರುತ್ತಿದ್ದ ಅಂಚಿನ ನಿಖರತೆಯೇ ಅವರ ಮುಕ್ತ ಪ್ರದರ್ಶನದ ಆಧಾರವೂ ಆಗಿತ್ತು. ಹಿನ್ನೆಲೆಯಲ್ಲಿ ಸುಮ್ಮನೆ ಕೇಳಿಬರುತ್ತಿದ್ದ ಸಂಗೀತವನ್ನು ಅವರು ಚಲನೆಯ ಮಾರ್ಗದರ್ಶಿಯಾಗಿಸಿಕೊಂಡರು.

ಒಂದು ಕಾಲನ್ನು ಹಿಂದಕ್ಕೆ ಎತ್ತಿ ಹಿಡಿದು ಒಂದೇ ಅಂಚಿನ ಮೇಲೆ ಉದ್ದಕ್ಕೂ ಜಾರುವ ಸ್ಪೈರಲ್, ಕುಳಿತ ಭಂಗಿಯಲ್ಲಿ ಗಿರಕಿ ಹೊಡೆಯುತ್ತಲೇ ಕಾಲು ಬದಲಿಸುವ ಸಿಟ್ ಸ್ಪಿನ್, ಗಾಳಿಗೆ ಹಾರಿ ನೇರವಾಗಿ ಕುಳಿತ ಗಿರಕಿಗೆ ಇಳಿಯುವ ಫ್ಲೈಯಿಂಗ್ ಸಿಟ್ ಸ್ಪಿನ್: ಇವುಗಳನ್ನು ರೂಪಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಅಲಗಿನ ಹಿಂಭಾಗದ ಹೊರ ಅಂಚಿನ ಮೇಲೆ ಮಾಡುವ ಒಂದು ಗಿರಕಿ ಅವರ ಹೆಸರನ್ನೇ ಹೊತ್ತಿದೆ. ನಾರ್ವೆಯ ಆಕ್ಸೆಲ್ ಪಾಲ್ಸನ್ ಅವರ ಹೆಸರಿನ ಜಿಗಿತವನ್ನು ಗ್ರಾಫ್‌ಸ್ಟ್ರೋಮ್ ಮಾಡುತ್ತಿದ್ದ ರೀತಿಯೂ ಅದರ ಸೊಬಗಿಗಾಗಿ ಹೆಸರಾಗಿತ್ತು. ಇಂದು ಯಾವುದೇ ಸ್ಪರ್ಧೆಯಲ್ಲಿ ಕಾಣುವ ಫ್ಲೈಯಿಂಗ್ ಸಿಟ್ ಸ್ಪಿನ್‌ಗೆ ಮೂಲಪುರುಷ ಯಾರೆಂದು ಅದನ್ನು ಮಾಡುವವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

ನಾರ್ವೆಯ ಸೋನ್ಯಾ ಹೆನಿ ಅವರಿಗೆ ಗ್ರಾಫ್‌ಸ್ಟ್ರೋಮ್ ಕೆಲಕಾಲ ಮಾರ್ಗದರ್ಶನ ನೀಡಿದರು. 1924ರ ಶಾಮೊನಿಯಲ್ಲಿ 11 ವರ್ಷದ ಬಾಲಕಿಯಾಗಿ ಎಂಟು ಸ್ಪರ್ಧಿಗಳಲ್ಲಿ ಕೊನೆಯವರಾಗಿದ್ದ ಹೆನಿ, 1928, 1932 ಮತ್ತು 1936ರಲ್ಲಿ ಮಹಿಳೆಯರ ಚಿನ್ನ ಗೆದ್ದು, ವೈಯಕ್ತಿಕ ವಿಭಾಗದಲ್ಲಿ ಮೂರು ಒಲಿಂಪಿಕ್ ಚಿನ್ನ ಪಡೆದ ಇನ್ನೊಬ್ಬರೆನಿಸಿದರು. ಪುರುಷರಲ್ಲಿ ಆ ನಂತರ ಕಾರ್ಲ್ ಶೇಫರ್, ಅಮೆರಿಕದ ಡಿಕ್ ಬಟನ್ (1948, 1952) ಮತ್ತು ಜಪಾನಿನ ಯುಜುರು ಹನ್ಯು (2014, 2018) ತಲಾ ಎರಡು ಚಿನ್ನ ಗೆದ್ದಿದ್ದಾರೆ. ಮೂರನೆಯದು ಅವರಿಗೆ ದಕ್ಕಲಿಲ್ಲ.

ಕಡ್ಡಾಯ ಆಕೃತಿಗಳ ಪ್ರಾಮುಖ್ಯ ಕಾಲಕ್ರಮೇಣ ಇಳಿಯುತ್ತ ಬಂದು, 1990ರ ನಂತರ ಅವು ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಪೂರ್ಣವಾಗಿ ಮರೆಯಾದವು. ಗ್ರಾಫ್‌ಸ್ಟ್ರೋಮ್ ಅವರ ಗೆಲುವುಗಳಿಗೆ ಬಹುಪಾಲು ಆಧಾರವಾಗಿದ್ದ ವಿದ್ಯೆ ಹೀಗೆ ಇಂದಿನ ಪ್ರೇಕ್ಷಕರ ಕಣ್ಣಿಗೆ ಬೀಳದಂತಾಗಿದೆ. ಅವರ ದಾಖಲೆಯನ್ನು ಇಂದಿನ ಸ್ಕೇಟರ್‌ಗಳ ಸಾಧನೆಯೊಡನೆ ನೇರವಾಗಿ ತೂಗಿನೋಡುವಾಗ ಇದನ್ನು ಮರೆಯುವುದು ಸರಿಯಲ್ಲ.

ನಿಧನ

ಗ್ರಾಫ್‌ಸ್ಟ್ರೋಮ್ 1938ರ ಏಪ್ರಿಲ್ 14ರಂದು ಪಾಟ್ಸ್‌ಡಾಮ್‌ನಲ್ಲಿ ರಕ್ತ ನಂಜಾಗಿ ನಿಧನರಾದರು. ಆಗ ಅವರಿಗೆ 44 ವರ್ಷ. ಆ ನಗರದ ಒಂದು ರಸ್ತೆಗೆ ಅವರ ಹೆಸರನ್ನು ಇಡಲಾಗಿದೆ. 1976ರಲ್ಲಿ ವಿಶ್ವ ಫಿಗರ್ ಸ್ಕೇಟಿಂಗ್‌ನ ಗೌರವ ಪಟ್ಟಿಗೆ ಅವರನ್ನು ಸೇರಿಸಲಾಯಿತು.

ಅವರು ಆರಂಭಿಸಿದ ಕಲಾಸಂಗ್ರಹವನ್ನು ಪತ್ನಿ ಸೆಸಿಲ್ ಅವರ ಮರಣಾನಂತರವೂ ಬೆಳೆಸಿದರು. ಅದರ ಒಂದು ಭಾಗ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ನಗರದ ವಿಶ್ವ ಫಿಗರ್ ಸ್ಕೇಟಿಂಗ್ ವಸ್ತುಸಂಗ್ರಹಾಲಯವನ್ನು ಸೇರಿದೆ.